ಟೆಸ್ಟೊಸ್ಟೆರೋನ್ ಕಡಿಮೆ ಅಂತ ರಿಪೋರ್ಟ್ ಬಂದರೆ, ಸೂಜಿಗೆ ಮುಂಚೆ

ಫುಲ್ ಬಾಡಿ ಚೆಕಪ್ ಪ್ಯಾಕೇಜುಗಳಲ್ಲಿ ಈಗ ಗಂಡಸರ ಮುಖ್ಯ ಲೈಂಗಿಕ ಹಾರ್ಮೋನಾದ ಟೆಸ್ಟೊಸ್ಟೆರೋನೂ ಸೇರಿಕೊಂಡಿದೆ. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ, ಸಂಜೆಗೆ ಮೊಬೈಲಿಗೆ ಪಿಡಿಎಫ್ ಬರುತ್ತದೆ, ಅದರಲ್ಲೊಂದು ಸಾಲು ಕೆಂಪಗಿರುತ್ತದೆ. ಆ ಸಾಲಿಗೆ ಹೆದರುವ ಮುಂಚೆ ರಿಪೋರ್ಟಿನ ತಲೆಯಲ್ಲಿ ರಕ್ತ ತೆಗೆದ ಸಮಯ ಎಷ್ಟಿದೆ ನೋಡಿ.

ಈ ಹಾರ್ಮೋನು ಬೆಳಗ್ಗೆ ಏರಿ ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತದೆ. ತಿಂಡಿ ತಿಂದರೂ ಇಳಿಯುತ್ತದೆ. ಹಾಗಾಗಿ ಬೆಳಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ಎರಡು ದಿನ ಕೊಟ್ಟ ರಕ್ತದಲ್ಲಿ ಎರಡೂ ಸಲ ಕಡಿಮೆ ಬಂದರೆ ಮಾತ್ರ ಕಡಿಮೆ ಎನ್ನಬಹುದು. ಔಟರ್ ರಿಂಗ್ ರೋಡಿನ ಆಫೀಸಿನಲ್ಲಿ ಯುಎಸ್ ಶಿಫ್ಟ್ ಮುಗಿಸಿ ಬೆಳಗ್ಗೆ ಕ್ಯಾಬ್ ಇಳಿದವರು ಮಲಗುವ ಮುಂಚೆ ರಕ್ತ ಕೊಟ್ಟರೆ ಉಪಯೋಗವಿಲ್ಲ. ಚೆನ್ನಾಗಿ ನಿದ್ದೆ ಮಾಡಿ, ಎದ್ದ ಎರಡು ಮೂರು ಗಂಟೆಯೊಳಗೆ ಕೊಡಬೇಕು. ಡೆಂಗಿಯಂಥ ಜ್ವರದಲ್ಲೂ ಮಟ್ಟ ಬೀಳುತ್ತದೆ, ಪೂರ್ತಿ ಸುಧಾರಿಸಿಕೊಂಡ ಮೇಲೆ ಮಾಡಿಸಿ. ಬೋರ್‌ವೆಲ್ ನೀರನ್ನು ಬೈದುಕೊಂಡು ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುವವರು ಮೂರು ದಿನ ಮುಂಚೆ ನಿಲ್ಲಿಸಿರಬೇಕು. ಕೆಲವು ಯಂತ್ರಗಳಲ್ಲಿ ಅದು ಟೆಸ್ಟೊಸ್ಟೆರೋನನ್ನು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ.

ಅಳತೆಯ ಮಾನವನ್ನೂ ಓದಿಕೊಳ್ಳಿ. ಒಂದು ಲ್ಯಾಬ್ 300 ಎಂದು ಕೊಟ್ಟಿದ್ದನ್ನು ಇನ್ನೊಂದು 3 ಎಂದು ಕೊಡುತ್ತದೆ. ಮೊದಲನೆಯದು ಡೆಸಿಲೀಟರಿಗೆ ನ್ಯಾನೋಗ್ರಾಂ, ಎರಡನೆಯದು ಮಿಲಿಲೀಟರಿಗೆ, ಎರಡೂ ಒಂದೇ. ಲೀಟರಿಗೆ ನ್ಯಾನೋಮೋಲ್ ಲೆಕ್ಕದಲ್ಲಿ ಅದೇ ಸುಮಾರು 10.4 ಆಗುತ್ತದೆ. ಡೆಸಿಲೀಟರಿಗೆ 300ಕ್ಕಿಂತ ಕಡಿಮೆ ಇದ್ದರೆ ಕೊರತೆ ಎಂದು ಅಮೆರಿಕದ ಮೂತ್ರರೋಗ ತಜ್ಞರ ಸಂಘ ಗೆರೆ ಎಳೆದಿದೆ. 310 ಬಂದವನು ಗಟ್ಟಿಗ, 290 ಬಂದವನು ರೋಗಿ ಎಂದೇನಲ್ಲ. ಅಂಕಿಯ ಜೊತೆ ಲಕ್ಷಣವೂ ಇರಬೇಕು. ಕಾಮಾಸಕ್ತಿ ಕುಗ್ಗುವುದು, ಬೆಳಗಿನ ನಿಮಿರುವಿಕೆ ನಿಂತುಹೋಗುವುದು ಮುಖ್ಯ ಸುಳಿವುಗಳು. ಬರೀ ಸುಸ್ತು ಸಾಲದು. ಸಿಲ್ಕ್ ಬೋರ್ಡ್ ದಾಟಿ ದಿನಾ ಆಫೀಸಿಗೆ ಹೋಗಿಬರುವ ಯಾರಿಗೆ ಸುಸ್ತಿಲ್ಲ? ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಸಕ್ಕರೆ ಮೊದಲು ನೋಡಿಸಿ. ಜೋರು ಗೊರಕೆಯಿದ್ದರೆ ನಿದ್ದೆಯ ಪರೀಕ್ಷೆಯೂ ಬೇಕು.

ಕೊರತೆ ಖಚಿತವಾದ ಮೇಲೆ ಎಲ್‌ಎಚ್, ಎಫ್‌ಎಸ್‌ಎಚ್ ಮಾಡಿಸದೆ ಚಿಕಿತ್ಸೆ ಶುರು ಮಾಡುವ ಡಾಕ್ಟರನ್ನು ನಂಬಬೇಡಿ. ಇವು ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಕಳಿಸುವ ಆದೇಶಗಳು. ಆದೇಶ ಜೋರಾಗಿದ್ದೂ ಉತ್ಪಾದನೆ ಇಲ್ಲವೆಂದರೆ ತೊಂದರೆ ವೃಷಣದಲ್ಲೇ ಇದೆ. ಹರೆಯದಲ್ಲೋ ಆಮೇಲೋ ಬಂದ ಮಂಗನಬಾವು ಅಲ್ಲಿಗಿಳಿದಿದ್ದರೂ ಹೀಗಾಗುತ್ತದೆ. ಆದೇಶವೇ ಮೆತ್ತಗಿದ್ದರೆ ಪಿಟ್ಯುಟರಿಯದೇ ಇನ್ನೊಂದು ಹಾರ್ಮೋನಾದ ಪ್ರೊಲ್ಯಾಕ್ಟಿನ್ ನೋಡಬೇಕು, ಕೆಲವೊಮ್ಮೆ ಎಂಆರ್‌ಐ ಬೇಕಾಗುತ್ತದೆ. ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ ಇದ್ದವರಲ್ಲಿ ಒಟ್ಟು ಮಟ್ಟ ಕಡಿಮೆ ಕಂಡರೂ, ಅದನ್ನು ಹೊತ್ತೊಯ್ಯುವ ಎಸ್‌ಎಚ್‌ಬಿಜಿ ಪ್ರೋಟೀನೇ ಕಡಿಮೆಯಿದ್ದು, ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಫ್ರೀ ಟೆಸ್ಟೊಸ್ಟೆರೋನ್ ಸರಿಯಾಗಿಯೇ ಇರಬಹುದು. ಇಂಥವರಲ್ಲಿ ತೂಕ ಇಳಿದಂತೆ ಅಂಕಿ ತಾನಾಗಿ ಏರುತ್ತದೆ.

ಜಿಮ್‌ಗಳಲ್ಲಿ ಯಾರೂ ಹೇಳದ ಮಾತೊಂದಿದೆ: ಹೊರಗಿನಿಂದ ಟೆಸ್ಟೊಸ್ಟೆರೋನ್ ತೆಗೆದುಕೊಂಡರೆ ವೀರ್ಯಾಣು ಉತ್ಪತ್ತಿ ಕುಸಿಯುತ್ತದೆ. ರಕ್ತದಲ್ಲಿ ಸಾಕಷ್ಟಿದೆ ಎಂದುಕೊಂಡು ಪಿಟ್ಯುಟರಿ ಆದೇಶ ನಿಲ್ಲಿಸುತ್ತದೆ, ವೃಷಣ ಸಣ್ಣದಾಗುತ್ತದೆ, ಎಷ್ಟೋ ಜನರಲ್ಲಿ ಎಣಿಕೆ ಸೊನ್ನೆಗಿಳಿಯುತ್ತದೆ. ಬಿಟ್ಟ ಮೇಲೆ ಮರಳಲು ತಿಂಗಳುಗಳು, ಕೆಲವರಿಗೆ ವರ್ಷಕ್ಕೂ ಮಿಕ್ಕಿ ಬೇಕು. ಮಕ್ಕಳು ಬೇಕೆನ್ನುವವರಿಗೆ ಇದು ಔಷಧವೇ ಅಲ್ಲ. ಅವರಿಗೆ ಎಚ್‌ಸಿಜಿ, ಕ್ಲೋಮಿಫೀನ್‌ನಂಥ ಬೇರೆ ದಾರಿಗಳಿವೆ, ಎಂಡೊಕ್ರಿನಾಲಜಿಸ್ಟ್ (ಹಾರ್ಮೋನ್ ತಜ್ಞರು) ಅಥವಾ ಆಂಡ್ರಾಲಜಿಸ್ಟ್ (ಗಂಡಸರ ಸಂತಾನ ಸಮಸ್ಯೆಗಳ ತಜ್ಞರು) ಹೇಳುತ್ತಾರೆ. ಪ್ರಾಸ್ಟೇಟ್ ಅಥವಾ ಸ್ತನದ ಕ್ಯಾನ್ಸರ್ ಇದ್ದವರು, ಆರು ತಿಂಗಳೊಳಗೆ ಹೃದಯಾಘಾತ ಇಲ್ಲವೇ ಪಾರ್ಶ್ವವಾಯು ಆದವರೂ ಸದ್ಯಕ್ಕೆ ದೂರವಿರಬೇಕು.

ಚಿಕಿತ್ಸೆ ಶುರುವಾದರೆ ಸಾಮಾನ್ಯವಾಗಿ ಜೆಲ್ ಅಥವಾ ಇಂಜೆಕ್ಷನ್. 1% ಜೆಲ್ ದಿನಕ್ಕೆ 50 ಮಿಲಿಗ್ರಾಂ ಔಷಧದ ಲೆಕ್ಕದಲ್ಲಿ ಶುರು. ಸ್ನಾನ ಮಾಡಿ, ಮೈ ಒರೆಸಿ, ಭುಜಕ್ಕೂ ಮೇಲ್ತೋಳಿಗೂ ತೆಳ್ಳಗೆ ಹಚ್ಚಿ, ಒಣಗಲು ಬಿಟ್ಟು, ತೋಳು ಮುಚ್ಚುವ ಅಂಗಿ ಹಾಕಿಕೊಳ್ಳಿ. ಕೈಯನ್ನು ಸೋಪು ಹಾಕಿ ತೊಳೆಯಿರಿ. ಬನಿಯನ್ನಿನಲ್ಲೇ ಮಗುವನ್ನು ಎತ್ತಿಕೊಂಡರೆ ಔಷಧ ಮಗುವಿನ ಮೈಗೂ ಅಂಟಿ, ಅಕಾಲದಲ್ಲಿ ಹರೆಯದ ಲಕ್ಷಣ ಕಾಣಿಸಬಹುದು.

ಇಂಜೆಕ್ಷನ್ನಿನಲ್ಲಿ 250 ಮಿಲಿಗ್ರಾಮಿನ ನಾಲ್ಕು ಎಸ್ಟರ್ (ಮೈಯಲ್ಲಿ ನಿಧಾನವಾಗಿ ಬಿಡುಗಡೆಯಾಗುವ ಟೆಸ್ಟೊಸ್ಟೆರೋನ್ ರೂಪಗಳು) ಮಿಶ್ರಣವನ್ನು ಎರಡು ಮೂರು ವಾರಕ್ಕೊಮ್ಮೆ ಕೊಡುತ್ತಾರೆ. ಅದು ಕಡಲೆಕಾಯಿ ಎಣ್ಣೆಯಲ್ಲಿರುವುದರಿಂದ ಕಡಲೆಕಾಯಿ ಅಲರ್ಜಿ ಇದ್ದವರು ಮೊದಲೇ ಹೇಳಿಬಿಡಿ. ಕೊಟ್ಟ ಮೊದಲ ದಿನಗಳಲ್ಲಿ ಉತ್ಸಾಹ, ಮುಂದಿನ ಡೋಸ್ ಹತ್ತಿರವಾದಾಗ ಸಿಡುಕು, ಸುಸ್ತು. ಈ ಏರಿಳಿತ ತಡೆಯಲಾಗದವರಿಗೆ 1000 ಮಿಲಿಗ್ರಾಮಿನ, ಹೆಚ್ಚು ಕಾಲ ಉಳಿಯುವ ಅಂಡೆಕನೋಯೇಟ್ ಎಂಬ ಎಸ್ಟರ್ ಇದೆ: ಎರಡನೇ ಡೋಸ್ ಆರು ವಾರಕ್ಕೆ, ಆಮೇಲೆ 10ರಿಂದ 14 ವಾರಕ್ಕೊಮ್ಮೆ. ಅದು 4 ಮಿಲಿಲೀಟರ್ ಹರಳೆಣ್ಣೆ ದ್ರಾವಣ, ಕುಂಡೆಯ ಸ್ನಾಯುವಿಗೆ ಸುಮಾರು ಎರಡು ನಿಮಿಷ ಹಿಡಿದು ನಿಧಾನವಾಗಿ ಚುಚ್ಚಬೇಕು. ಆತುರಪಟ್ಟರೆ ಎಣ್ಣೆ ರಕ್ತನಾಳ ಸೇರಿ ಶ್ವಾಸಕೋಶಕ್ಕೆ ಹೋಗಿ ಕೆಮ್ಮು, ಉಸಿರಾಟದ ತೊಂದರೆ ಬರಬಹುದು. ಚುಚ್ಚಿಸಿಕೊಂಡು ಅರ್ಧ ಗಂಟೆ ಕ್ಲಿನಿಕ್ಕಿನಲ್ಲೇ ಕೂತಿರಿ.

ಮೂರರಿಂದ ಆರು ತಿಂಗಳೊಳಗೆ ಮತ್ತೆ ಟೆಸ್ಟೊಸ್ಟೆರೋನ್, ಹೆಮಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ನೋಡಬೇಕು. 40 ದಾಟಿದವರಲ್ಲಿ ಪ್ರಾಸ್ಟೇಟ್ ಗ್ರಂಥಿಯ ರಕ್ತ ಪರೀಕ್ಷೆಯಾದ ಪಿಎಸ್‌ಎ ಕೂಡ. ಹೆಮಟೊಕ್ರಿಟ್ 54% ಮೀರಿದರೆ ರಕ್ತ ಮಂದವಾಗಿದೆ ಎಂದರ್ಥ, ಡೋಸ್ ನಿಲ್ಲಿಸುತ್ತಾರೆ. ಈ ಸಲ ರಕ್ತ ಕೊಡುವ ಸಮಯವೂ ಬೇರೆ: ಜೆಲ್ ಹಚ್ಚಿದವರು ಹಚ್ಚಿದ 2ರಿಂದ 8 ಗಂಟೆಯೊಳಗೆ, ಅಂಡೆಕನೋಯೇಟ್ ತೆಗೆದುಕೊಳ್ಳುವವರು ಮುಂದಿನ ಸೂಜಿಗೆ ಸ್ವಲ್ಪ ಮುಂಚೆ. ಕೊನೆಯ ಡೋಸಿನ ದಿನ, ಗಂಟೆಯನ್ನು ಲ್ಯಾಬ್ ಚೀಟಿಯ ಮೇಲೆ ನೀವೇ ಬರೆದುಬಿಡಿ.