ಪರದೆಯ ಹಳೆಯ ಮೋಟಾರು ಟ್ರ್ಯಾಕ್ ಬದಲಿಸುವಾಗ ಬೆಲ್ಟಿನ ಮೇಲೆ ಕಣ್ಣಿರಲಿ

ನನ್ನ ತಮ್ಮ ಇಡೀ ಭಾನುವಾರ ಬೆವರು ಸುರಿಸಿ ಪರದೆಯ ಹೊಸ ಟ್ರ್ಯಾಕ್ ಕೂರಿಸಿದ. ಸಂಜೆ ಮನೆಯವರನ್ನೆಲ್ಲ ಕಿಟಕಿಯ ಮುಂದೆ ಸೇರಿಸಿ ರಿಮೋಟ್ ಒತ್ತಿದ. ನಡುವಿನಿಂದ ಎರಡು ಕಡೆಗೆ ಸರಿಯಬೇಕಿದ್ದ ಪರದೆಗಳು ಒಂದರ ಬೆನ್ನಿಗೊಂದು ಬಲಕ್ಕೆ ಮೆರವಣಿಗೆ ಹೊರಟವು. ಮೋಟಾರೇ ಕೆಟ್ಟದ್ದೆಂದು ತೀರ್ಮಾನಿಸಿ ಅದನ್ನು ಮತ್ತೆ ಪೆಟ್ಟಿಗೆಗೆ ತುಂಬುತ್ತಿದ್ದವನನ್ನು ತಡೆದು ಏಣಿ ಹತ್ತಿ ನೋಡಿದೆ. ಎರಡೂ ಗಾಲಿಗಳನ್ನು ಬೆಲ್ಟಿನ ಒಂದೇ ಎಳೆಗೆ ಕಚ್ಚಿಸಿದ್ದ. ಈ ತಪ್ಪನ್ನು ನಾನು ನೋಡಿದ್ದು ಅದೇ ಮೊದಲೇನಲ್ಲ. ಹಾಗಾಗಿ ಈ ಲೇಖನದಲ್ಲಿ ಬೆಲ್ಟಿಗೆ ಜಾಗ ಹೆಚ್ಚು, ಉಳಿದದ್ದಕ್ಕೆ ಕಡಿಮೆ.

ಹಳೆಯ ಟ್ರ್ಯಾಕುಗಳಲ್ಲಿ ಮೋಟಾರು ಒಂದು ಹುರಿಯನ್ನು ರಾಟೆಯ ಮೇಲೆ ಎಳೆಯುತ್ತದೆ. ವರ್ಷಗಳು ಕಳೆದಂತೆ ಹುರಿ ಜಗ್ಗಿ ಸಡಿಲವಾಗುತ್ತದೆ. ಆಮೇಲೆ ಮೋಟಾರು ಗುರುಗುಟ್ಟುತ್ತದೆಯೇ ಹೊರತು ಪರದೆ ಕದಲುವುದಿಲ್ಲ. ಹೊಸದರಲ್ಲಿ ಹುರಿಯ ಬದಲು ಹಲ್ಲಿರುವ ಬೆಲ್ಟ್ ಇರುತ್ತದೆ. ಅದು ಹಲ್ಲುಚಕ್ರವನ್ನು ಕಚ್ಚಿಕೊಂಡು ತಿರುಗುವುದರಿಂದ, ಬಿಗಿ ಸರಿಯಿದ್ದರೆ ಜಾರುವ ಮಾತಿಲ್ಲ, ಸದ್ದೂ ಕಡಿಮೆ.

ಹಳೆಯ ಹಳಿಯನ್ನೇ ಉಳಿಸಿಕೊಂಡು ಮೋಟಾರು ಮಾತ್ರ ಬದಲಿಸಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಬೇಡ. ಹಳಿಯೊಳಗೆ ಹುರಿಗೆಂದು ಮಾಡಿದ ಗಾಡಿಯಲ್ಲಿ, ಅಂದರೆ ಉದ್ದನೆಯ ತೋಡಿನಲ್ಲಿ, ಬೆಲ್ಟ್ ಕೂರುವುದಿಲ್ಲ. ಇರುವ ಹಳಿಗೇ ನೇತುಹಾಕಿ ಪರದೆಯನ್ನು ತಳ್ಳಿಸುವ ಬ್ಯಾಟರಿ ಯಂತ್ರಗಳೂ ಮಾರಾಟಕ್ಕಿವೆ. ತೆಳು ಪರದೆಗೆ ಅವು ನಡೆದಾವು. ಭಾರದ ಪರದೆಯಿದ್ದು ಹಳಿಯಲ್ಲಿ ಜೋಡಣೆ ಬಂದರೆ ಅಲ್ಲೇ ಮುಗ್ಗರಿಸುತ್ತವೆ. ಮೋಟಾರು, ಹಳಿ, ಬೆಲ್ಟ್, ಗಾಲಿ ಇಷ್ಟನ್ನೂ ಒಂದೇ ತಯಾರಕರಿಂದ ಕೊಳ್ಳಿ. ಒಬ್ಬರ ಬೆಲ್ಟಿನ ಹಲ್ಲು ಇನ್ನೊಬ್ಬರ ಚಕ್ರಕ್ಕೆ ಹೊಂದುತ್ತದೆಂಬ ಭರವಸೆ ಇಲ್ಲ.

ಹಂತ 1: ತೂಕ ಮತ್ತು ಅಳತೆ

ಮೊದಲು ಪರದೆಯನ್ನು ತೂಗಿ. ಅದನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದರೆ ಸಾಕು. ಅಂದಾಜು ಬೇಕಿದ್ದರೆ, ಚದರ ಮೀಟರಿಗೆ 300 ಗ್ರಾಂ ತೂಗುವ ಬಟ್ಟೆ 10 ಚದರ ಮೀಟರ್ ಇದ್ದರೆ 3 ಕಿಲೋ ಆಯಿತು. ಬೆಳಕು ತಡೆಯುವ ಅಸ್ತರು ಸೇರಿದರೆ ಇನ್ನೂ ಹೆಚ್ಚು. ಮೋಟಾರಿನ ಮೇಲೆ ಬರೆದ ಮಿತಿಯ ಅಂಚಿಗೆ ಹೋಗಬೇಡಿ.

ಅಳತೆಯಲ್ಲಿ ಆಗುವ ಎಡವಟ್ಟು ಒಂದೇ. ಹಳಿಯ ಎರಡು ತುದಿಗೂ ಚಕ್ರದ ಪೆಟ್ಟಿಗೆಗಳು ಸೇರಿಕೊಳ್ಳುತ್ತವೆ. ಅವುಗಳ ಉದ್ದ ಕಳೆಯದೆ ಗೋಡೆಯಿಂದ ಗೋಡೆಗೆ ಹಳಿ ಕತ್ತರಿಸಿದರೆ ಪೆಟ್ಟಿಗೆಗೆ ಜಾಗವೇ ಇರುವುದಿಲ್ಲ. ಎಷ್ಟು ಕಳೆಯಬೇಕೆಂಬುದು ಸೂಚನಾ ಹಾಳೆಯಲ್ಲಿರುತ್ತದೆ. ಮೋಟಾರು ಹಳಿಯಿಂದ ಕೆಳಗೆ ಇಳಿಬೀಳುವುದರಿಂದ, ಅದು ಕಿಟಕಿಯ ಬಾಗಿಲಿಗೆ ತಾಗುತ್ತದೆಯೇ ಎಂದೂ ನೋಡಿ.

ಹಂತ 2: ಹಳೆಯದನ್ನು ಕಳಚುವುದು

ಮೇನ್ ಆರಿಸಿ, ಟೆಸ್ಟರ್ ಹಿಡಿದು ಖಚಿತಪಡಿಸಿಕೊಂಡು, ಇಬ್ಬರು ಹಿಡಿದು ಇಳಿಸಿ. ಕಳಚುವ ಮೊದಲು ತಂತಿಗಳ ಫೋಟೋ ತೆಗೆದುಕೊಳ್ಳಿ.

ಹಂತ 3: ಹಳಿ

ಸಣ್ಣ ಹಲ್ಲಿನ ಹ್ಯಾಕ್ಸಾದಲ್ಲಿ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ಒಳಗಿನ ಲೋಹದ ಪುಡಿಯನ್ನು ಬ್ರಷ್‌ನಿಂದ ಪೂರ್ತಿ ತೆಗೆಯಿರಿ. ಉಳಿದ ಒಂದು ಚೂರು ಸಾಕು, ಗಾಲಿ ಪ್ರತಿ ಸಲ ಅಲ್ಲಿ ತಡವರಿಸುತ್ತದೆ. ಬ್ರ್ಯಾಕೆಟ್ಟುಗಳ ನಡುವೆ 50 ಸೆಂಟಿಮೀಟರಿನಷ್ಟು ಅಂತರವಿರಲಿ, ಮೋಟಾರಿನ ತುದಿಯ ಹತ್ತಿರ ಒಂದು ಹೆಚ್ಚುವರಿ ಇರಲಿ. ಸಡಿಲಗೊಂಡ ಹಳೆಯ ತೂತುಗಳಲ್ಲಿ ಹೊಸ ಸ್ಕ್ರೂ ಹಾಕಬೇಡಿ. ಜಿಪ್ಸಮ್ ಸೀಲಿಂಗ್ ಆದರೆ ಹಿಂದೆ ಮರದ ಪಟ್ಟಿ ಇರಲೇಬೇಕು. ಈಗಲೇ ಹಳಿಯನ್ನು ಮೇಲೇರಿಸಬೇಡಿ, ಬ್ರ್ಯಾಕೆಟ್ ಮಾತ್ರ ಕೂರಿಸಿ.

ಹಂತ 4: ಬೆಲ್ಟ್

ಇದನ್ನು ಏಣಿಯ ಮೇಲೆ ನಿಂತು ಮಾಡುವವರನ್ನು ಕಂಡಿದ್ದೇನೆ. ದಯವಿಟ್ಟು ನೆಲದ ಮೇಲೆ ಮಾಡಿ. ಹಳಿಯನ್ನು ಹಳೆಯ ಬೆಡ್‌ಶೀಟಿನ ಮೇಲೆ, ಗಾಲಿ ಓಡುವ ಸೀಳು ಮೇಲೆ ಬರುವಂತೆ ತಲೆಕೆಳಗಾಗಿ ಮಲಗಿಸಿ. ಹೀಗೆ ಮಗುಚಿದಾಗ ಕಿಟಕಿಯ ಕಡೆ ಮತ್ತು ಕೋಣೆಯ ಕಡೆ ಅದಲುಬದಲಾಗುತ್ತವೆ. ಆದ್ದರಿಂದ ಮಗುಚುವ ಮೊದಲೇ ಒಂದು ಬದಿಗೆ ಟೇಪು ಅಂಟಿಸಿ 'ಕಿಟಕಿ' ಎಂದು ಬರೆಯಿರಿ.

ಬೆಲ್ಟ್ ಹಳಿಯೊಳಗೆ ಉದ್ದನೆಯ ಸುತ್ತಾಗಿ ಓಡುತ್ತದೆ. ಹೋಗುವ ಎಳೆ ಒಂದು ಗಾಡಿಯಲ್ಲಿ, ಬರುವ ಎಳೆ ಪಕ್ಕದ ಗಾಡಿಯಲ್ಲಿ. ಬೆಲ್ಟ್ ತಿರುಗಿದಾಗ ಒಂದೆಳೆ ಎಡಕ್ಕೆ ಹೋದರೆ ಇನ್ನೊಂದೆಳೆ ಬಲಕ್ಕೆ. ನಡುವಿನಿಂದ ತೆರೆಯುವ ಪರದೆಯ ಗುಟ್ಟೆಲ್ಲ ಇದೇ. ಪರದೆಯನ್ನು ಎಳೆಯುವ ಎರಡು ಮುಖ್ಯ ಗಾಲಿಗಳಲ್ಲಿ ಒಂದು ಈ ಎಳೆಗೆ, ಮತ್ತೊಂದು ಆ ಎಳೆಗೆ ಕಚ್ಚಿಕೊಂಡಿರಬೇಕು.

ಬೆಲ್ಟಿನ ಹಲ್ಲುಗಳು ಸುತ್ತಿನ ಒಳಮುಖಕ್ಕೆ, ಅಂದರೆ ಚಕ್ರದ ಕಡೆಗೆ ಇರಲಿ. ದೂರದ ತುದಿಯ ಚಕ್ರ ಸುತ್ತಿಸಿ, ಇನ್ನೊಂದು ಗಾಡಿಯಲ್ಲಿ ತಂದು, ಮೋಟಾರಿನ ತುದಿಯ ಚಕ್ರವನ್ನೂ ಸುತ್ತಿಸಿ. ಒಮ್ಮೆ ಇಡೀ ಉದ್ದಕ್ಕೂ ಬೆರಳಾಡಿಸಿ. ಎಲ್ಲಾದರೂ ತಿರುಚಿಕೊಂಡಿದ್ದರೆ ಬೆರಳಿಗೆ ಹಲ್ಲಿನ ಬದಲು ನುಣುಪು ತಾಗುತ್ತದೆ.

ಈಗ ಗಾಲಿಗಳು. ಪರದೆಯ ಕೊಕ್ಕೆಗಳನ್ನು ಎಣಿಸಿ, ಅಷ್ಟೇ ಸಣ್ಣ ಗಾಲಿಗಳನ್ನು ತುದಿಯ ಪೆಟ್ಟಿಗೆ ಹಾಕುವ ಮುನ್ನ ಒಳಗೆ ಬಿಡಿ. ಎಲ್ಲ ಮುಗಿಸಿ ಪರದೆ ನೇತುಹಾಕುವಾಗ ಎರಡು ಗಾಲಿ ಕಡಿಮೆ ಬಿದ್ದು ಪೂರ್ತಿ ಬಿಚ್ಚಿದವರು ಎಷ್ಟೋ ಮಂದಿ.

ಬೆಲ್ಟಿನ ಎರಡೂ ತುದಿಗಳು ಮೊದಲನೆಯ ಮುಖ್ಯ ಗಾಲಿಯಲ್ಲಿ ಸೇರುತ್ತವೆ. ಒಂದು ತುದಿಯನ್ನು ಕಚ್ಚಿಸಿ, ಇನ್ನೊಂದನ್ನು ಎಳೆದು ಬಿಗಿಮಾಡಿ. ಎಷ್ಟು ಬಿಗಿ? ಹಳಿಯ ನಡುಭಾಗದಲ್ಲಿ ಬೆರಳಿನಿಂದ ಒತ್ತಿದರೆ ಬೆಲ್ಟ್ ಸ್ವಲ್ಪ ಬಾಗಿ, ಬಿಟ್ಟೊಡನೆ ನೆಟ್ಟಗಾಗಬೇಕು. ಸಡಿಲವಾದರೆ ಪರದೆ ಮುಚ್ಚುವ ಕೊನೆಯ ಗಳಿಗೆಯಲ್ಲಿ ಹಲ್ಲು ಹಾರಿ ಟಕಟಕ ಸದ್ದು ಬರುತ್ತದೆ. ತಂಬೂರಿಯ ತಂತಿಯಂತೆ ಬಿಗಿದರೆ ಮೋಟಾರು ಬಟ್ಟೆಗಿಂತ ಬೆಲ್ಟನ್ನೇ ಎಳೆಯಲು ಏದುಸಿರು ಬಿಡುತ್ತದೆ. ಉಳಿದ ತುಂಡನ್ನು ಈಗಲೇ ಕತ್ತರಿಸಬೇಡಿ.

ಮೊದಲ ಗಾಲಿಯನ್ನು ಹಳಿಯ ನಟ್ಟನಡುವೆ ತನ್ನಿ. ಎರಡನೆಯದನ್ನು ಅದಕ್ಕೆ ತಾಗುವಂತೆ ಪಕ್ಕದಲ್ಲಿಟ್ಟು, ಪಕ್ಕದ ಎಳೆಗೆ ಕಚ್ಚಿಸಿ. ಈಗ ಮೋಟಾರಿಲ್ಲದೆ, ಕೈಯಿಂದ ಒಂದನ್ನು ಎಳೆಯಿರಿ. ಇನ್ನೊಂದು ವಿರುದ್ಧ ದಿಕ್ಕಿಗೆ ಓಡಿ, ಎರಡೂ ಏಕಕಾಲಕ್ಕೆ ತಮ್ಮ ತಮ್ಮ ತುದಿ ಮುಟ್ಟಬೇಕು. ಒಂದು ಗಾಲಿ ಎರಡು ಬೆರಳಿನಷ್ಟು ಮೊದಲೇ ತಲುಪಿದರೆ ಎರಡನೆಯ ಗಾಲಿಯ ಹಿಡಿತ ಬಿಚ್ಚಿ ಅಷ್ಟು ಸರಿಸಿ. ನಾಲ್ಕೈದು ಬಾರಿ ಆಚೀಚೆ ಓಡಿಸಿ ನೋಡಿದ ಮೇಲಷ್ಟೇ ಹೆಚ್ಚಿನ ಬೆಲ್ಟ್ ಕತ್ತರಿಸಿ, ನಾಲ್ಕು ಬೆರಳು ಉಳಿಸಿಕೊಳ್ಳಿ.

ಓಟ ಬಿಗಿಯೆನಿಸಿದರೆ ಎಣ್ಣೆ ಮಾತ್ರ ಹಾಕಬೇಡಿ. ಧೂಳು ಹಿಡಿದು ಕೆಲವೇ ತಿಂಗಳಲ್ಲಿ ಅಂಟಾಗುತ್ತದೆ. ಒಣ ಸಿಲಿಕೋನ್ ಸ್ಪ್ರೇ ಸಾಕು.

ಹಂತ 5: ಏರಿಸಿ, ತಂತಿ ಕೊಡುವುದು

ಹಳಿಯನ್ನು ಬ್ರ್ಯಾಕೆಟ್ಟಿಗೆ ಕಚ್ಚಿಸಿ, ಮೋಟಾರನ್ನು ನೇತುಹಾಕಿ. ವಿದ್ಯುತ್ ಕೆಲಸವನ್ನು ಎಲೆಕ್ಟ್ರಿಷಿಯನ್‌ಗೇ ಬಿಡಿ, ಆದರೆ ಅವರಿಗೆ ಏನು ಹೇಳಬೇಕೆಂದು ತಿಳಿದಿರಲಿ. ಹಳೆಯ ಮೋಟಾರಿಗೆ ಸಾಮಾನ್ಯವಾಗಿ ನಾಲ್ಕು ತಂತಿ: ನ್ಯೂಟ್ರಲ್, ಅರ್ತ್, ತೆರೆಯಲು ಒಂದು ಫೇಸ್, ಮುಚ್ಚಲು ಒಂದು ಫೇಸ್. ಗೋಡೆಯ ಸ್ವಿಚ್ಚು ಈ ಎರಡರಲ್ಲಿ ಒಂದಕ್ಕೆ ಮಾತ್ರ ವಿದ್ಯುತ್ ಬಿಡುತ್ತಿತ್ತು. ರಿಮೋಟಿನ ಹೊಸ ಮೋಟಾರಿಗೆ ಬೇಕಾದದ್ದು ಸದಾ ಇರುವ ಫೇಸ್. ಹಳೆಯ ಸ್ವಿಚ್ಚಿನ ಮೂಲಕವೇ ಕೊಟ್ಟರೆ, ಯಾರೋ ಸ್ವಿಚ್ಚು ಆರಿಸಿದ ಕ್ಷಣದಿಂದ ರಿಮೋಟು ಆಟಿಕೆಯಾಗುತ್ತದೆ. ಎರಡು ಫೇಸ್ ತಂತಿಗಳಲ್ಲಿ ಒಂದಕ್ಕೆ ಖಾಯಂ ಫೇಸ್ ಕೊಡಿಸಿ, ಇನ್ನೊಂದನ್ನು ಎರಡೂ ತುದಿಯಲ್ಲಿ ಮುಚ್ಚಿಸಿ. ಕೆಲವು ಮೋಟಾರುಗಳಲ್ಲಿ ಗೋಡೆಯ ಗುಂಡಿಗೆಂದು ಸಣ್ಣ ಕಿಂಡಿ ಇರುತ್ತದೆ. ಅದಕ್ಕೆ ಮೇನ್ ವಿದ್ಯುತ್ ಮುಟ್ಟಿಸಿದರೆ ಮೋಟಾರು ಸುಟ್ಟಂತೆಯೇ. ರಿಮೋಟೇ ಬೇಡವೆನ್ನುವವರು ನಾಲ್ಕು ತಂತಿಯ ಹೊಸ ಮೋಟಾರನ್ನೇ ಕೊಳ್ಳಬಹುದು, ಗೋಡೆ ಮುಟ್ಟುವ ಕೆಲಸ ತಪ್ಪುತ್ತದೆ.

ಹಂತ 6: ಮಿತಿ ಕಲಿಸುವುದು

ಹೊಸ ಮೋಟಾರುಗಳು ಮೊದಲ ಓಟದಲ್ಲಿ ತುದಿಗೆ ತಾಗಿ ನಿಂತು, ಎಲ್ಲಿಯವರೆಗೆ ಹೋಗಬೇಕೆಂದು ಕಲಿಯುತ್ತವೆ. ಬರಿಯ ಹಳಿಯಲ್ಲಿ ಕಲಿಸಿ ಆಮೇಲೆ ಪರದೆ ನೇತುಹಾಕಿದರೆ, ಒಟ್ಟುಗೂಡಿದ ಬಟ್ಟೆಯ ದಪ್ಪ ದಾರಿಗಡ್ಡ ಬರುತ್ತದೆ, ಮೋಟಾರು ಅದನ್ನು ಒತ್ತುತ್ತಲೇ ಇರುತ್ತದೆ. ಪರದೆ ನೇತುಹಾಕಿದ ಮೇಲೆ ಹಳೆಯ ಮಿತಿ ಅಳಿಸಿ ಮತ್ತೊಮ್ಮೆ ಕಲಿಸಿ.

ವೈಫೈ ಮಾದರಿಯಾದರೆ ಹೆಚ್ಚಿನವು 2.4 ಗಿಗಾಹರ್ಟ್ಸ್ ಜಾಲವನ್ನು ಮಾತ್ರ ಹಿಡಿಯುತ್ತವೆ. ಮೊಬೈಲು 5 ಗಿಗಾಹರ್ಟ್ಸ್‌ನಲ್ಲಿದ್ದು ಜೋಡಣೆಯಾಗದೆ ಒದ್ದಾಡುವುದು ಇಲ್ಲಿಯೇ. ಆ್ಯಪ್ ಇರಲಿ, ಆದರೆ ಗೋಡೆಯ ಮೇಲೊಂದು ಗುಂಡಿ ಇರಲೇಬೇಕೆಂಬುದು ನನ್ನ ಹಟ. ಮಧ್ಯಾಹ್ನದ ನಿದ್ದೆಗೆ ಪರದೆ ಎಳೆಯಲು ಅಜ್ಜಿ ಮೊಬೈಲು ಹುಡುಕಬಾರದು.

ಉಳಿದ ಗಾಲಿಗಳನ್ನೂ ಬೆಲ್ಟಿನ ತುಂಡನ್ನೂ ಒಂದು ಲಕೋಟೆಗೆ ಹಾಕಿ, ಮಿತಿ ಅಳಿಸುವ ಗುಂಡಿಯನ್ನು ಎಷ್ಟು ಹೊತ್ತು ಒತ್ತಬೇಕೆಂದು ಮೇಲೆ ಬರೆದು, ಪೆಲ್ಮೆಟ್ಟಿನ (ಹಳಿಯನ್ನು ಮರೆಮಾಡುವ ಪೆಟ್ಟಿಗೆಯ) ಒಳಗೋಡೆಗೆ ಅಂಟಿಸಿಬಿಡಿ.