ಪಟ್ಟಾ ಉಳಿಸಿಕೊಂಡೇ ವಿ-ಕ್ರಾಸ್ ಅನ್ನು ವೇಗಕ್ಕೆ ಅಣಿಗೊಳಿಸಿದ ಬಗೆ: ನನ್ನ ಅನುಭವ

ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್‌ನ ಹಿಂದಿನ ಪಟ್ಟಾಗಳನ್ನು (ಲೀಫ್ ಸ್ಪ್ರಿಂಗ್) ಕಿತ್ತು ಕಾಯಿಲ್ ಸ್ಪ್ರಿಂಗ್ ಕೂರಿಸದ ಹೊರತು ಅದು ಕಚ್ಚಾ ದಾರಿಯಲ್ಲಿ ವೇಗವಾಗಿ ಓಡಲಾರದು ಎಂದು ನನಗೆ ಹೇಳದ ಮೆಕ್ಯಾನಿಕ್ ಇಲ್ಲ. ಇನ್ನು ಕೆಲವರು ಎಂಜಿನ್ನೇ ಸಾಲದು, ಮೊದಲು ಅದನ್ನು ಬದಲಿಸಬೇಕು ಎಂದರು. ಈ ಎರಡನ್ನೂ ಮಾಡದೆ ಸಿದ್ಧಪಡಿಸಿದ ನನ್ನ 2017ರ ಗಾಡಿ ಇಂದು ಮೂಡಿಗೆರೆ, ಸಕಲೇಶಪುರದ ತೋಟದ ದಾರಿಗಳಲ್ಲಿಯೂ, ಹಿರಿಯೂರು ಕಡೆಯ ಒಣ ಮಣ್ಣಿನ ಹಾದಿಗಳಲ್ಲಿಯೂ, ಹೆಚ್ಚು ಶಕ್ತಿಯ ಗಾಡಿಗಳನ್ನು ಹಿಂದೆ ಬಿಟ್ಟು ಓಡುತ್ತಿದೆ. ಆದ್ದರಿಂದ ಈ ಬರಹ.

ಪಟ್ಟಾ ಇದ್ದರೆ ಆಗದು ಎನ್ನುವವರಿಗೆ ನಾನು ಕೊಡುವ ಉತ್ತರ ಫೋರ್ಡ್ ಎಫ್-150 ರ್‍ಯಾಪ್ಟರ್. 2010ರಲ್ಲಿ 310 ಅಶ್ವಶಕ್ತಿಯ 5.4 ಲೀಟರ್ ವಿ8 ಎಂಜಿನ್ನಿನೊಂದಿಗೆ ಬಂದ ಮೊದಲ ತಲೆಮಾರಿನಲ್ಲಿಯೂ, 2017ರಲ್ಲಿ 450 ಅಶ್ವಶಕ್ತಿಯ 3.5 ಲೀಟರ್ ಟರ್ಬೊ ಬಂದಾಗಲೂ ಅದರ ಹಿಂಬದಿಯಲ್ಲಿ ಇದ್ದದ್ದು ಪಟ್ಟಾವೇ. ಕಾಯಿಲ್ ಬಂದದ್ದು 2021ರ ಮಾದರಿಯಲ್ಲಿ. ಮರುಭೂಮಿಯಲ್ಲಿ ಹಾರಿ ಇಳಿಯುವ ಗಾಡಿಗೆ ಹತ್ತು ವರ್ಷ ಸಾಕಾದದ್ದು ನಮ್ಮ ಮಲೆನಾಡಿನ ದಾರಿಗೆ ಸಾಲದೆ ಹೋಗಲು ಕಾರಣವಿಲ್ಲ.

ಮೊದಲ ಹಂತದಲ್ಲಿ ಎಲ್ಲರೂ ಮಾಡುವುದನ್ನೇ ಪರೀಕ್ಷಿಸಿ ನೋಡಿದೆ. ಸಿದ್ಧ ರೂಪದಲ್ಲಿ ಸಿಗುವ ಎರಡು ಇಂಚಿನ ಲಿಫ್ಟ್ ಕಿಟ್, ಅದರೊಂದಿಗೆ ಬಂದ, ಕುಲುಕನ್ನು ತಣಿಸುವ ಗ್ಯಾಸ್ ಶಾಕ್‌ಗಳು, ಹಿಂದಕ್ಕೆ ಒಂದು ಹೆಚ್ಚುವರಿ ಪಟ್ಟಾ: ಎಲ್ಲ ಸೇರಿ ನಲವತ್ತೈದು ಸಾವಿರದ ಆಸುಪಾಸು ಖರ್ಚಾಯಿತು. ಗಾಡಿ ಎತ್ತರವಾಯಿತು, ನೋಡಲು ಚೆನ್ನಾಗಿಯೂ ಕಂಡಿತು. ಆದರೆ ಹಿಂದಿನ ಸರಕು ತೊಟ್ಟಿ (ಬೆಡ್) ಖಾಲಿಯಿದ್ದಾಗ ಹಿಂಬದಿ ಮೊದಲಿಗಿಂತ ಹೆಚ್ಚು ಎಗರಲಾರಂಭಿಸಿತು. ಹಿರಿಯೂರಿನ ಅಲೆಯಲೆಯಾದ ಒಣ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರ್ ಓಡಿಸಿ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದಾಗ ಹಿಂದಿನ ಶಾಕ್‌ಗಳ ಮೈ 110 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಆ ಬಿಸಿಯಲ್ಲಿ ಎಣ್ಣೆ ತೆಳುವಾಗಿ, ನೊರೆಗಟ್ಟಿ, ಶಾಕ್ ಹೆಸರಿಗಷ್ಟೇ ಉಳಿಯುತ್ತದೆ. ಮೂರು ತಿಂಗಳೊಳಗೆ ಒಂದರ ಸೀಲ್ ಸೋರತೊಡಗಿತು. ಮಾರಿದವರು ಅದನ್ನು ವಾರಂಟಿಯಡಿ ಒಪ್ಪಲಿಲ್ಲ. ಆ ಹಣ ಹೋಯಿತು.

ಆಗ ಪಟ್ಟಾ ಕಟ್ಟನ್ನು ಪೂರ್ತಿಯಾಗಿ ಬಿಚ್ಚಿಸಿದೆ. ಕಂಪನಿಯ ಕಟ್ಟು ಸರಕಿನ ಭಾರಕ್ಕೆಂದು ರೂಪಿಸಿದ್ದು. ಪಟ್ಟಾಗಳು ಒಂದರ ಮೇಲೊಂದು ಉಜ್ಜುವುದರಿಂದ ಸಣ್ಣ ಹೊಡೆತಕ್ಕೆ ಅವು ಕದಲುವುದೇ ಇಲ್ಲ, ದೊಡ್ಡ ಹೊಡೆತಕ್ಕೆ ಒಮ್ಮೆಲೇ ಬಿಡುತ್ತವೆ. ಎಂಥ ದುಬಾರಿ ಶಾಕ್ ಹಾಕಿದರೂ ಈ ಘರ್ಷಣೆಯನ್ನು ಅದು ಸರಿಪಡಿಸಲಾರದು. ಪೀಣ್ಯದ ಒಂದು ಚಿಕ್ಕ ಕಾರ್ಖಾನೆಯಲ್ಲಿ ಇಎನ್45 ಉಕ್ಕಿನಲ್ಲಿ, ತುದಿಯ ಕಡೆಗೆ ತೆಳುವಾಗುತ್ತ ಹೋಗುವ ಪ್ಯಾರಾಬೋಲಿಕ್ ಪಟ್ಟಾ ಮಾಡಿಸಿದೆ. ಮಧ್ಯದಲ್ಲಿ ಮತ್ತು ತುದಿಯಲ್ಲಿ ಬಿಟ್ಟರೆ ಅವು ಎಲ್ಲಿಯೂ ಒಂದಕ್ಕೊಂದು ತಾಗುವುದಿಲ್ಲ. ಮೊದಲ ಜೋಡಿ ಹದ ಮಾಡುವಾಗಲೇ ಸೊಟ್ಟಗಾಯಿತು, ಎರಡನೆಯದು ನಿಂತಿತು. ಎರಡೂ ಸೇರಿ ನಲವತ್ತು ಸಾವಿರ ಚಿಲ್ಲರೆ. ಬೆಡ್‌ನಲ್ಲಿ ಕಾಫಿ ಮೂಟೆ ಪೇರಿಸುವವರಿಗೆ ಇದು ಸಲ್ಲದು. ನನ್ನ ಗಾಡಿ ಒಂದು ಸ್ಟೆಪ್ನಿ, ಸಲಕರಣೆಯ ಪೆಟ್ಟಿಗೆ ಮತ್ತು ವಿಂಚ್ ಹಗ್ಗಕ್ಕಿಂತ ಹೆಚ್ಚಿನದನ್ನು ಹೊರುವುದಿಲ್ಲ. ಪಟ್ಟಾದ ತುದಿಯನ್ನು ಚಾಸಿಸ್‌ಗೆ ತೂಗುಹಾಕುವ ಶ್ಯಾಕಲ್‌ನ ಕೋನವನ್ನು ಎಷ್ಟಕ್ಕೆ ಇಟ್ಟಿದ್ದೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ಒಂದಿಡೀ ಬೇಸಿಗೆ ಹಿಡಿದಿದೆ.

ಶಾಕ್‌ಗಳ ಮಟ್ಟಿಗೆ ನಾನು ಜಿಪುಣತನ ಮಾಡಲಿಲ್ಲ. ಬಿಚ್ಚಿ ಮರುಜೋಡಿಸಬಹುದಾದ, ಹೊರಗೆ ಪ್ರತ್ಯೇಕ ರಿಸರ್ವಾಯರ್ ಇರುವ ನಾಲ್ಕು ಶಾಕ್‌ಗಳಿಗೆ ಸುಂಕವೂ ಸೇರಿ ಒಂದು ಲಕ್ಷ ಎಂಬತ್ತು ಸಾವಿರದಷ್ಟಾಯಿತು. ಅದೇ ದಾರಿ, ಅದೇ ವೇಗದಲ್ಲಿ ಮೈ ಬಿಸಿ 80ರ ಸುತ್ತ ನಿಂತಿತು. ಪೆಟ್ಟಿಗೆಯಿಂದ ತೆಗೆದಂತೆ ಹಾಕಿದರೆ ಅವು ನಮ್ಮ ಗಾಡಿಗೆ ಹೊಂದುವುದಿಲ್ಲ. ಹಿಂದಿನ ಶಾಕ್ ಮರಳಿ ಚಾಚಿಕೊಳ್ಳುವ ವೇಗವನ್ನು ಹಿಡಿದಿಡುವ ತೆಳು ಬಿಲ್ಲೆಗಳನ್ನು, ಅಂದರೆ ರಿಬೌಂಡ್ ಶಿಮ್‌ಗಳನ್ನು, ಹಲವು ಬಾರಿ ಬದಲಿಸಬೇಕಾಯಿತು. ಮೃದುವಾದ ಪಟ್ಟಾಕ್ಕೆ ಶಿಮ್ ಜೋಡಣೆ ಹೇಗಿರಬೇಕೆಂಬುದು ನನ್ನ ಬಳಿಯೇ ಇರಲಿ.

ಮುಂಭಾಗದಲ್ಲಿ ಹೇಳುವುದು ಕಡಿಮೆ. ಎರಡು ಇಂಚಿಗಿಂತ ಎತ್ತರಿಸಿದರೆ ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಸಿವಿ ಜಾಯಿಂಟ್‌ನ ಕೋನ ಕೆಡುತ್ತದೆ, ಸ್ಟೀರಿಂಗ್ ಅಕ್ಷದ ಹಿಂಬಾಗು, ಅಂದರೆ ಕ್ಯಾಸ್ಟರ್, ಇಳಿಯುತ್ತದೆ, ಸ್ಟೀರಿಂಗ್ ನೇರಕ್ಕೆ ಮರಳುವುದಿಲ್ಲ. ನಾನು ಒಂದೂವರೆ ಇಂಚಿಗೆ ನಿಲ್ಲಿಸಿ, ಬೇರೆ ಮೇಲ್ತೋಳು (ಚಕ್ರವನ್ನು ಮೇಲಿನಿಂದ ಹಿಡಿಯುವ ಸಸ್ಪೆನ್ಶನ್ ತೋಳು) ಹಾಕಿ ಎರಡು ಡಿಗ್ರಿಯಷ್ಟು ಕ್ಯಾಸ್ಟರ್ ಮರಳಿ ಪಡೆದೆ. ಟೈರ್ 245/70 ಆರ್16 ಇದ್ದದ್ದನ್ನು 265/70 ಆರ್16ಕ್ಕೆ ಏರಿಸಿದೆ. ಇದರಿಂದ ವ್ಯಾಸ ಸುಮಾರು 28 ಮಿ.ಮೀ. ಹೆಚ್ಚಿ, ಗೇರಿಂಗ್ ನಾಲ್ಕು ಶೇಕಡಾದಷ್ಟು ಉದ್ದವಾಗುತ್ತದೆ (ಎಳೆತ ಅಷ್ಟು ತಗ್ಗುತ್ತದೆ). ಅದಕ್ಕೂ ದೊಡ್ಡ, ಭಾರವಾದ ಮಡ್ ಟೈರನ್ನು ಎರವಲು ತಂದು ಓಡಿಸಿ ನೋಡಿದ್ದೇನೆ. ಪ್ರತಿ ಚಕ್ರಕ್ಕೆ ಕೂಡಿಕೊಂಡ ಆರೇಳು ಕಿಲೋ ತೂಕವು ಶಾಕ್‌ಗಳ ಅರ್ಧ ಶ್ರಮವನ್ನು ನುಂಗಿಹಾಕಿತು. ಗಾಳಿಯನ್ನು 35 ಪಿಎಸ್‌ಐನಿಂದ 22ಕ್ಕೆ ಇಳಿಸಿದಾಗ ಸಿಗುವ ಲಾಭ ಆ ಟೈರಿನಿಂದ ಸಿಗಲಿಲ್ಲ.

ಇನ್ನು ಎಂಜಿನ್. ನನ್ನದು 2.5 ಲೀಟರಿನ 4ಜೆಕೆ1. ಕಂಪನಿಯ ಲೆಕ್ಕದಲ್ಲಿ 134 ಅಶ್ವಶಕ್ತಿ, 320 ಎನ್‌ಎಂ ಟಾರ್ಕ್ (ತಿರುಗಿಸುವ ಬಲ). ಹೊರದೇಶಗಳ ಡಿ-ಮ್ಯಾಕ್ಸ್‌ನಲ್ಲಿ ಬರುತ್ತಿದ್ದ ಮೂರು ಲೀಟರಿನ 4ಜೆಜೆ1 ಇದರದೇ ಕುಟುಂಬದ್ದು. ಬೋರ್ (ಸಿಲಿಂಡರಿನ ಅಗಲ) ಎರಡಕ್ಕೂ 95.4 ಮಿ.ಮೀ.; ಸ್ಟ್ರೋಕ್ (ಪಿಸ್ಟನ್ನಿನ ಓಡಾಟ) ಮಾತ್ರ 87.4ರ ಬದಲು 104.9. ಹಾಗಾಗಿ ಅದನ್ನು ತರಿಸಿ ಕೂರಿಸುವ ಆಸೆ ಎಲ್ಲರಿಗೂ ಹುಟ್ಟುತ್ತದೆ, ನನಗೂ ಹುಟ್ಟಿತ್ತು. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಮಾರ್ಪಾಡು ಸಲ್ಲದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿಯೂ ಇದೆ. ಆರ್‌ಸಿಗೆ ಕುತ್ತು ತಂದುಕೊಳ್ಳುವ ಕೆಲಸಕ್ಕೆ ನಾನು ಕೈ ಹಾಕಲಿಲ್ಲ.

ಬದಲಿಗೆ ತೋಟದೊಳಗಿನ ಓಟಕ್ಕೆಂದು ಎಂಜಿನ್ನಿಗೆ ಹೆಚ್ಚು ಡೀಸೆಲ್ ಕೊಡಿಸಿ ಶಕ್ತಿ ಏರಿಸುವ, ಇಪ್ಪತ್ತೆಂಟು ಸಾವಿರದ ಒಂದು ಟ್ಯೂನಿಂಗ್ ಬಾಕ್ಸ್ ಸಿಕ್ಕಿಸಿ ಪರೀಕ್ಷಿಸಿದೆ. ಸಮತಟ್ಟಿನಲ್ಲಿ ಅದರ ಎಳೆತ ಚೆನ್ನಾಗಿತ್ತು. ಆದರೆ ಬಿಡಿಗಲ್ಲಿನ ಏರಿನಲ್ಲಿ, ಲೋ ರೇಂಜ್‌ನಲ್ಲಿ (ನಿಧಾನದ, ಹೆಚ್ಚು ಎಳೆತದ ಗೇರು), ಹೆಚ್ಚಿದ ಟಾರ್ಕ್‌ಗೆ ಮೃದುವಾದ ಪಟ್ಟಾ ಎಸ್ ಆಕಾರಕ್ಕೆ ತಿರುಚಿಕೊಂಡಿತು, ಆಕ್ಸಲ್ ಮೂತಿ ಎತ್ತಿತು, ಹಿಂದಿನ ಚಕ್ರಗಳು ಬಡಬಡನೆ ಕುಣಿದವು, ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ (ಕೀಲು) ತುಂಡಾಯಿತು. ಕಾಯಿಲ್ ಪಕ್ಷದವರು ಇದನ್ನೇ ಹಿಡಿದು ನನ್ನ ಪಟ್ಟಾವನ್ನು ಆಡಿಕೊಂಡರು. ಕಾಯಿಲ್ ಪರಿವರ್ತನೆಗೆ ಅವರು ಹೇಳಿದ ಬೆಲೆ ಐದು ಲಕ್ಷ. ನಾನು ಒಂಬತ್ತು ಸಾವಿರಕ್ಕೆ ಒಂದು ಟ್ರ್ಯಾಕ್ಷನ್ ಬಾರ್ ಮಾಡಿಸಿದೆ. ಆಕ್ಸಲ್ ತುದಿಯಲ್ಲಿ ಎರಡು ಬುಷ್, ಚಾಸಿಸ್ ತುದಿಯಲ್ಲಿ ತೂಗಾಡುವ ಒಂದು ಶ್ಯಾಕಲ್. ಹೀಗಾಗಿ ಪಟ್ಟಾದ ಏರಿಳಿತಕ್ಕೆ ಅಡ್ಡಿಯಿಲ್ಲ, ತಿರುಚುವಿಕೆಗೆ ಮಾತ್ರ ತಡೆಯಿದೆ. ಕುಣಿತ ಅಂದೇ ನಿಂತಿತು. ಅಂದಿನಿಂದ ಈವರೆಗೆ ಒಂದು ಕ್ರಾಸ್ ಕೂಡ ಮುರಿದಿಲ್ಲ.

ಬಾಕ್ಸ್ ಅನ್ನು ಮತ್ತೆ ಹಾಕಿ ಹೋಲಿಸಿದಾಗ ಸಿಕ್ಕ ಫಲವೇ ನನಗೆ ಮುಖ್ಯವೆನಿಸುತ್ತದೆ. ಹತ್ತು ಹನ್ನೆರಡು ಕಿಲೋಮೀಟರಿನ ಒಂದೇ ತೋಟದ ಸುತ್ತಿನಲ್ಲಿ ಸಸ್ಪೆನ್ಶನ್ ಕೆಲಸದಿಂದ ಮೂರು ನಿಮಿಷಕ್ಕೂ ಹೆಚ್ಚು ಉಳಿತಾಯವಾಗಿತ್ತು. ಬಾಕ್ಸ್ ಕೊಟ್ಟದ್ದು ಇಪ್ಪತ್ತು ಸೆಕೆಂಡು. ಅದಕ್ಕೆ ಪ್ರತಿಯಾಗಿ ಟರ್ಬೈನ್‌ಗೆ ಮುಂಚಿನ ಹೊಗೆಯ ಬಿಸಿ 750 ಡಿಗ್ರಿ ಮುಟ್ಟತೊಡಗಿತು, ಕ್ಲಚ್ ಜಾರಲಾರಂಭಿಸಿತು. ಬಾಕ್ಸ್ ತೆಗೆದೆ, ಮೂವತ್ತು ಸಾವಿರ ಕೊಟ್ಟು ಕ್ಲಚ್ ಬದಲಿಸಿದೆ. ಈಗ ಎಂಜಿನ್ ಕಂಪನಿಯದೇ ಸ್ಥಿತಿಯಲ್ಲಿದೆ. ರೇಡಿಯೇಟರ್ ಮುಂದೆ ಕೆಸರು ತಡೆಯುವ ಜಾಲರಿಯೊಂದನ್ನಷ್ಟೇ ಸೇರಿಸಿದ್ದೇನೆ. ಕುಳಿಯ ಮೇಲೆ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕಾಗಿ ಬರದಿದ್ದರೆ 134 ಅಶ್ವಶಕ್ತಿಯೂ ಪೂರ್ತಿಯಾಗಿ ಕೆಲಸಕ್ಕೆ ಬರುತ್ತದೆ.

ಟೈರ್, ಮೇಲ್ತೋಳು, ಕೊನೆಯ ಹೊಡೆತ ತಡೆಯುವ ಫೋಮ್ ಬಂಪ್ ಸ್ಟಾಪ್‌ಗಳು, ವ್ಯರ್ಥವಾದದ್ದು ಎಲ್ಲವೂ ಸೇರಿ ನಾಲ್ಕೂವರೆ ಲಕ್ಷದ ಸುತ್ತಮುತ್ತ ಆಗಿದೆ. ಇದೇ ದಾರಿ ಹಿಡಿಯುವವರು ಹೊಸ ಪಟ್ಟಾ ಕೂರಿಸಿದ ಐನೂರು ಕಿಲೋಮೀಟರಿಗೆ, ಪಟ್ಟಾವನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್‌ಗಳನ್ನು ಟಾರ್ಕ್ ವ್ರೆಂಚ್‌ನಿಂದಲೇ ಮರಳಿ ಬಿಗಿಯಬೇಕು; ಸಡಿಲ ಬಿಟ್ಟರೆ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ಲೇ ಸರಿಯುತ್ತದೆ. ಶಾಕ್‌ಗಳ ಎಣ್ಣೆ, ಸೀಲ್ ಮತ್ತು ನೈಟ್ರೋಜನ್ ಅನ್ನು ನಾನು ಪ್ರತಿ ಮಳೆಗಾಲ ಮುಗಿದೊಡನೆ ಬದಲಿಸುತ್ತೇನೆ. ನಾಲ್ಕಕ್ಕೂ ಸೇರಿ ಹದಿನಾಲ್ಕು ಸಾವಿರದಷ್ಟು ತಗಲುತ್ತದೆ.