ಡಿಕ್ಕಿ ಖಾಲಿ ಇದ್ದರೆ ಮಾತ್ರ ಆಕಾಶ: ಎರಡು ಥರದ ಟಾಪಿನ ಜೊತೆ ನನ್ನ ಅನುಭವ

ನನ್ನ ಮೊದಲ ಸ್ಪೋರ್ಟ್ಸ್ ಕಾರಿನದು ಬಟ್ಟೆ ಟಾಪು, ಅಂದರೆ ತೆರೆದು ಮುಚ್ಚುವ ಬಟ್ಟೆಯ ಚಾವಣಿ. ಎರಡೇ ಸೀಟು, ಟಾಪನ್ನು ಕೈಯಲ್ಲೇ ಮಡಚಬೇಕು. ಎರಡನೆಯದರದು ಗಟ್ಟಿ ಟಾಪು. ಗುಂಡಿ ಒತ್ತಿದರೆ ತಾನೇ ಮಡಚಿಕೊಂಡು ಡಿಕ್ಕಿಯೊಳಗೆ ಇಳಿಯುತ್ತಿತ್ತು. ಮೊದಲನೆಯದನ್ನು ಆರು ವರ್ಷ ಓಡಿಸಿದೆ, ಎರಡನೆಯದನ್ನು ನಾಲ್ಕು. ಈಗ ಮತ್ತೆ ಬಟ್ಟೆಗೇ ಬಂದಿದ್ದೇನೆ. ‘ಯಾಕೆ ಹಿಂದಕ್ಕೆ ಹೋದೆ?’ ಅಂತ ಕೇಳದವರೇ ಇಲ್ಲ.

ಮೊದಲು ಬಟ್ಟೆ ಯಾಕೆ ಬಿಟ್ಟೆ ಅಂತ ಹೇಳಬೇಕು, ಅಲ್ವಾ? ಹಿಂದಿನ ಕಿಟಕಿಯಿಂದಾಗಿ. ಅದು ಗಾಜಲ್ಲ, ಪಾರದರ್ಶಕ ಪ್ಲಾಸ್ಟಿಕ್. ಆ ಕಾಲದ ಟಾಪು ತೆರೆಯುವ ಕನ್ವರ್ಟಿಬಲ್‌ಗಳಲ್ಲಿ ಅದೇನೂ ಅಪರೂಪವಲ್ಲ. ಮಜ್ದಾ ಎಂಎಕ್ಸ್-5ನ ಮೊದಲ ತಲೆಮಾರಿನಲ್ಲೂ ಇತ್ತು, ಮೊದಲ ಪೋರ್ಶೆ ಬಾಕ್ಸ್‌ಸ್ಟರ್‌ನಲ್ಲೂ ಇತ್ತು. ಬಿಸಿಲಿಗೆ ನನ್ನದು ಹಳದಿಯಾಯಿತು, ಆಮೇಲೆ ಮಬ್ಬಾಯಿತು. ರಾತ್ರಿ ಹಿಂದಿನ ಗಾಡಿಯ ಹೆಡ್‌ಲೈಟು ಅದರ ಮೇಲೆಲ್ಲ ಹಾಲು ಚೆಲ್ಲಿದ ಹಾಗೆ ಹರಡಿಕೊಳ್ಳುತ್ತಿತ್ತು. ಒಂದು ಚಳಿ ಬೆಳಗ್ಗೆ ಅವಸರದಲ್ಲಿ ಟಾಪು ಮಡಚಿದೆ, ಮಡಿಕೆಯ ಗೆರೆಯಲ್ಲೇ ಚಟ್ ಅಂತ ಸೀಳಿತು. ಚಳಿಗೆ ಪ್ಲಾಸ್ಟಿಕ್ ಗಡಸಾಗುತ್ತದೆ. ಜಿಪ್ ಬಿಚ್ಚಿ ಕಿಟಕಿಯನ್ನು ಚಪ್ಪಟೆ ಮಲಗಿಸಿ, ಆಮೇಲೆ ಮಡಚಬೇಕಿತ್ತು. ಗೊತ್ತಿತ್ತು, ಮಾಡಲಿಲ್ಲ.

ಅದೇ ಕಾರಿನಲ್ಲಿ ಸೀಟಿನ ಹಿಂದೆ ನೀರು ನಿಲ್ಲುತ್ತಿತ್ತು. ಟಾಪು ಹರಿದಿದೆ ಅಂದುಕೊಂಡು ಎಷ್ಟೋ ದಿನ ಹುಡುಕಿದೆ. ಹರಿದಿರಲಿಲ್ಲ. ಟಾಪಿನ ಬುಡದಲ್ಲಿ ಬೀಳುವ ಮಳೆನೀರು ಹೊರಗೆ ಹೋಗಲು ಎರಡೂ ಬದಿಯಲ್ಲಿ ಸಣ್ಣ ಕೊಳವೆ ಇರುತ್ತದೆ. ಅದು ಕಟ್ಟಿಕೊಂಡಿತ್ತು. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ಒಂದು ಮೊಳ ಕತ್ತರಿಸಿ, ಕೊಳವೆಗೆ ಗೀರದ ಹಾಗೆ ತುದಿಯನ್ನು ಬೆಂಕಿಗೆ ಹಿಡಿದು ಗುಂಡಗೆ ಮಾಡಿಕೊಂಡೆ. ಮೆಲ್ಲಗೆ ತಿರುಗಿಸುತ್ತಾ ಒಳಗೆ ಬಿಟ್ಟೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಗುಳುಕ್ ಅಂತ ಸದ್ದು ಬಂದು, ಕೊಳೆತ ಎಲೆಯ ಕಪ್ಪು ಕೆಸರು ಚಕ್ರದ ಹತ್ತಿರ ಸುರಿಯಿತು. ಒಂದು ಲೋಟ ನೀರು ನಿಧಾನಕ್ಕೆ ಹೊಯ್ದು ನೋಡಿದರೆ ಸರಾಗವಾಗಿ ಇಳಿಯಿತು. ಗಾಳಿಯ ಒತ್ತಡ ಹೊಡೆಸಬೇಡಿ. ಕೊಳವೆ ಒಳಗೇ ಕಳಚಿಕೊಂಡರೆ ಇನ್ನೊಂದು ತಲೆನೋವು.

ಇಷ್ಟೆಲ್ಲ ಆದ ಮೇಲೆ ಗಟ್ಟಿ ಟಾಪು ಸ್ವರ್ಗದ ಹಾಗೆ ಕಂಡಿತು. ಇದು ಹೊಸ ಕಲ್ಪನೆಯೇನಲ್ಲ. ಪೆಜೋ ಕಂಪನಿ 1934ರಲ್ಲೇ 401 ಎಕ್ಲಿಪ್ಸ್ ಅಂತ ಇಂಥ ಕಾರು ತಂದಿತ್ತು. ಅದರ ಹಿಂದಿದ್ದ ಜಾರ್ಜ್ ಪೋಲಾಂ ಹಲ್ಲಿನ ವೈದ್ಯ. ಬಾಯಿ ತೆರೆಸಿ ಮುಚ್ಚಿಸುವುದೇ ಕೆಲಸವಾದವನಿಗೆ ಇದು ಹೊಳೆದದ್ದರಲ್ಲಿ ಆಶ್ಚರ್ಯವೇನು! 1957ರಲ್ಲಿ ಫೋರ್ಡ್ ಸ್ಕೈಲೈನರ್ ಬಂತು, ಮೂರೇ ವರ್ಷ ಬಾಳಿತು. 1996ರ ಮರ್ಸಿಡಿಸ್ ಎಸ್‌ಎಲ್‌ಕೆ ಬಂದ ಮೇಲೆ ಮಾತ್ರ ಇದು ಎಲ್ಲರ ಬಾಯಲ್ಲಿ ಬಂತು.

ಮೊದಲ ತಿಂಗಳು ಸುಮ್ನೆ ಗುಂಡಿ ಒತ್ತಿ ನೋಡುವುದೇ ಕೆಲಸ. ಮುಚ್ಚಿದರೆ ಮಾಮೂಲಿ ಕಾರಿನಷ್ಟೇ ನಿಶ್ಶಬ್ದ. ಯಾರಾದರೂ ಬ್ಲೇಡು ಹಾಕಿ ಕೊಯ್ದಾರು ಅನ್ನುವ ಭಯವೂ ಇಲ್ಲ.

ಲೆಕ್ಕ ತಪ್ಪಿದ್ದು ಡಿಕ್ಕಿಯಲ್ಲಿ. ಟಾಪು ಇಳಿದು ಕೂರುವ ಜಾಗವನ್ನು ಗುರುತಿಸಲು ಒಳಗೆ ಒಂದು ಪರದೆ ಇತ್ತು. ಅದನ್ನು ಎಳೆದು ಕೊಂಡಿಗೆ ಸಿಕ್ಕಿಸಿದರೆ ಮಾತ್ರ ಟಾಪು ಅಲುಗುತ್ತದೆ. ಸಿಕ್ಕಿಸಿದರೆ ನನ್ನ ಚೀಲ ಹಿಡಿಸುವುದಿಲ್ಲ. ನಾಲ್ಕು ದಿನ ಪ್ರವಾಸ ಹೋದೆವು, ಬಂಗಾರದಂಥ ಹವೆ. ಒಂದು ಸಲವೂ ತೆರೆಯಲಿಲ್ಲ. ಚೀಲವನ್ನು ಸೀಟಿನ ಮೇಲಿಟ್ಟರೆ ಹೆಂಡತಿ ಎಲ್ಲಿ ಕೂರಬೇಕು? ಎಲ್ಲ ಗಟ್ಟಿ ಟಾಪೂ ಹೀಗಲ್ಲ. ಮಜ್ದಾದವರು ಮೂರನೇ ತಲೆಮಾರಿನ ಎಂಎಕ್ಸ್-5ಗೆ ಕೊಟ್ಟ ಗಟ್ಟಿ ಟಾಪು ಸೀಟಿನ ಹಿಂದೆಯೇ ಕೂರುತ್ತಿತ್ತು, ಡಿಕ್ಕಿಗೆ ಕೈ ಹಾಕುತ್ತಿರಲಿಲ್ಲ. ತೂಕ ಜಾಸ್ತಿಯಾದದ್ದು ಸುಮಾರು 36 ಕೆಜಿ ಅಷ್ಟೇ. ಆದರೆ ನಾನು ಕೊಂಡದ್ದು ಅದನ್ನಲ್ಲ.

ಇನ್ನು ಆ ಸಂಜೆಯ ಕಥೆ. ಮಳೆ ಹನಿಯತೊಡಗಿತು, ಬದಿಗೆ ನಿಲ್ಲಿಸಿ ಗುಂಡಿ ಒತ್ತಿದೆ. ಡಿಕ್ಕಿ ಬಾಗಿಲು ಹಿಂದಕ್ಕೆ ಎದ್ದಿತು, ಟಾಪು ಅರ್ಧ ಮೇಲೆ ಬಂತು, ನಿಂತಿತು. ಮೊಸಳೆ ಬಾಯಿ ತೆರೆದ ಹಾಗೆ ಕಾರು, ಒಳಗೆ ನಾನು, ಮೇಲೆ ಮಳೆ. ಈ ವ್ಯವಸ್ಥೆಯಲ್ಲಿ ಒಂದು ಹಂತ ಮುಗಿಯಿತು ಅಂತ ಸ್ವಿಚ್ಚು ಹೇಳಿದ ಮೇಲೇ ಮುಂದಿನ ಹಂತ ಶುರು. ಒಂದು ಸ್ವಿಚ್ಚು ಮುನಿಸಿಕೊಂಡರೆ ಎಲ್ಲವೂ ನಿಲ್ಲುತ್ತದೆ. ಕೈ ತೂರಿಸಿ ತಡಕಿದೆ. ಪರದೆಯ ಎಡಗಡೆಯ ಕೊಂಡಿ ಒಂದು ಅಕ್ಕಿಕಾಳಿನಷ್ಟು ಮೇಲೆದ್ದಿತ್ತು. ಬೆರಳಲ್ಲಿ ಒತ್ತಿದೆ, ಟಿಕ್ ಅಂದಿತು. ಟಾಪು ಏನೂ ಆಗದ ಹಾಗೆ ಬಂದು ಮುಚ್ಚಿಕೊಂಡಿತು. ಅಷ್ಟರಲ್ಲಿ ಸೀಟು ನೆಂದು ತೊಪ್ಪೆ.

ಮೂರನೇ ವರ್ಷ, ಎಣ್ಣೆಯ ಒತ್ತಡದಲ್ಲಿ ಟಾಪನ್ನು ಎತ್ತಿಳಿಸುವ ಹೈಡ್ರಾಲಿಕ್ ಪೈಪಿನ ಜೋಡಣೆಯಲ್ಲಿ ಎಣ್ಣೆ ಜಿನುಗತೊಡಗಿತು. ಒಳಗಿನ ಬಟ್ಟೆಯ ಮೇಲೆ ಕಲೆ ಕಂಡಾಗಲೇ ಗೊತ್ತಾದದ್ದು. ಪೈಪು ಚಿಕ್ಕದು, ಅದನ್ನು ತಲುಪಲು ಬಿಚ್ಚಿದ್ದು ಅರ್ಧ ಕಾರು. ಟಾಪು ಕಿರಗುಟ್ಟಿದ್ದು ಮಾತ್ರ ಸುಲಭದಲ್ಲಿ ಹೋಯಿತು. ರಬ್ಬರ್ ಬೀಡಿಂಗ್ ಒರೆಸಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿದರೆ ಸಾಕು. ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಡಿ, ರಬ್ಬರು ಊದಿಕೊಳ್ಳುತ್ತದೆ.

ಹೀಗೆ ಮತ್ತೆ ಬಟ್ಟೆಗೆ ಬಂದೆ. ಕಾರು ಮಾಡುವವರೂ ಬಟ್ಟೆಯ ಕಡೆಯೇ ವಾಲುತ್ತಿದ್ದಾರೆ. 2009ರಲ್ಲಿ ಗಟ್ಟಿ ಟಾಪಿಗೆ ಹೋಗಿದ್ದ ಬಿಎಂಡಬ್ಲ್ಯು ಝಡ್4, 2018ರ ಹೊಸ ಮಾದರಿಯಲ್ಲಿ ಬಟ್ಟೆಗೆ ಮರಳಿತು. ಸುಮಾರು 10 ಸೆಕೆಂಡಿನಲ್ಲಿ, 50 ಕಿಮೀ ವೇಗದವರೆಗೆ ಓಡುತ್ತಲೇ ತೆರೆಯುತ್ತದೆ. 2021ರಲ್ಲಿ ಮರ್ಸಿಡಿಸ್ ಎಸ್‌ಎಲ್ ಕೂಡ ಬಟ್ಟೆಗೆ ಬಂತು, ಟಾಪಿನ ತೂಕ 21 ಕೆಜಿ ಇಳಿಯಿತು.

ನನ್ನ ಈಗಿನ ಬಟ್ಟೆ ಹಳೆಯದರ ಹಾಗಿಲ್ಲ. ಹೊರಗೆ ಅಕ್ರಿಲಿಕ್ ನೇಯ್ಗೆ, ನಡುವೆ ರಬ್ಬರ್ ಪದರ, ಒಳಗೆ ಇನ್ನೊಂದು ಬಟ್ಟೆ. ಕಿಟಕಿ ನಿಜವಾದ ಗಾಜು. ಹೆದ್ದಾರಿಯಲ್ಲಿ ಗಾಳಿಯ ಸದ್ದು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಸಿಗ್ನಲ್ಲಿನಲ್ಲಿ ಕೂತಲ್ಲೇ ಕೊಂಡಿ ಬಿಚ್ಚಿ ಒಂದೇ ಕೈಯಲ್ಲಿ ಹಿಂದಕ್ಕೆ ತಳ್ಳುತ್ತೇನೆ. ಹಾಲು ತರಲು ಹೋದರೂ ತೆರೆಯುತ್ತೇನೆ. ಗಟ್ಟಿ ಟಾಪನ್ನು ನಾಲ್ಕು ವರ್ಷದಲ್ಲಿ ತೆರೆದದ್ದಕ್ಕಿಂತ ಜಾಸ್ತಿ ಸಲ ಇದನ್ನು ಒಂದೇ ವರ್ಷದಲ್ಲಿ ತೆರೆದಿದ್ದೇನೆ ಅನ್ನಿಸುತ್ತದೆ. ಆರೈಕೆ ಇಷ್ಟೇ: ಮೆತ್ತನೆ ಬ್ರಷ್ಷು, ಹಗುರ ಸೋಪು, ಪ್ರೆಶರ್ ವಾಶ್ ಬೇಡವೇ ಬೇಡ. ಹಕ್ಕಿ ಹಿಕ್ಕೆಯನ್ನು ಕೆರೆಯದೆ ನೆನೆಸಿ ತೆಗೆಯಬೇಕು. ನೆಂದ ಟಾಪನ್ನು ಮಡಚಿಟ್ಟು ಮರೆತರೆ ಬೂಸ್ಟು ಖಂಡಿತ.

ರಾತ್ರಿ ರಸ್ತೆ ಬದಿಯಲ್ಲೇ ನಿಲ್ಲಿಸಬೇಕಾದವರಿಗೆ ನಾನೂ ಗಟ್ಟಿ ಟಾಪನ್ನೇ ಹೇಳುತ್ತೇನೆ. ಹಳೇ ಕಾರು ನೋಡಲು ಹೋಗುವಾಗ ನಿಮ್ಮ ಪ್ರವಾಸದ ಚೀಲ ಜೊತೆಗೆ ಒಯ್ಯಿರಿ, ಟಾಪು ಇಳಿಸಿದಾಗ ಅದು ಡಿಕ್ಕಿಯಲ್ಲಿ ಹಿಡಿಸುತ್ತದಾ ನೋಡಿ. ಎಂಜಿನ್ ಚಾಲೂ ಇಟ್ಟೇ ಎರಡು ಮೂರು ಸಲ ತೆರೆದು ಮುಚ್ಚಿಸಿ, ಬ್ಯಾಟರಿ ಇಳಿದರೆ ಅದೂ ನಡುವೆ ನಿಲ್ಲುತ್ತದೆ. ಬಟ್ಟೆಯದಾದರೆ ಸೀಟಿನ ಹಿಂದಿನ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿ, ಆಮೇಲೆ ಕೈಯನ್ನು ಮೂಸಿ ನೋಡಿ.